ಪ್ಲೈವುಡ್ ಪೆಟ್ಟಿಗೆಯಲ್ಲಿ ನೀರು ನಿಂತಿತ್ತೇ?

ಈ ವಾರ ನಾನು ಬರೆಯುತ್ತಿರುವುದು ನಿಜವಾಗಿ ನಡೆದದ್ದೇ? ಖಾತ್ರಿಯಿಲ್ಲ. ಅರ್ಧ ನಡೆದಿದೆ. ಇನ್ನರ್ಧ ನನ್ನ ತಲೆ ಆಮೇಲೆ ಸೇರಿಸಿಕೊಂಡದ್ದೂ ಇರಬಹುದು. ಯಾವ ಅರ್ಧ ಯಾವುದು ಎಂದು ಮಾತ್ರ ಕೇಳಬೇಡಿ.

ಎರಡು ತಿಂಗಳ ಹಿಂದೆ ಮೂಡಿಗೆರೆಯ ಹಾರ್ಡ್‌ವೇರ್ ಅಂಗಡಿಯೊಂದರಲ್ಲಿ ನಿಂತಿದ್ದೆ. ಜೊತೆಗೆ ವೆಂಕಟೇಶ ಭಾವ. ನನ್ನ ಅಕ್ಕ ಸುಮಿತ್ರಳ ಗಂಡ. ಅವರಿಗೆ ಸ್ಪ್ರೇ ಪಂಪಿನ ವಾಷರ್ ಬೇಕಿತ್ತು. ನನಗೆ ಏನೂ ಬೇಕಿರಲಿಲ್ಲ. (ಏನೂ ಬೇಡದವನು ಹಾರ್ಡ್‌ವೇರ್ ಅಂಗಡಿಗೆ ಹೋದರೆ ಸುಮ್ಮನೆ ನಿಲ್ಲುವುದಿಲ್ಲ, ಸಿಕ್ಕವರಿಗೆಲ್ಲ ಸಲಹೆ ಕೊಡುತ್ತಾನೆ.)

ಪಕ್ಕದಲ್ಲಿ ಒಬ್ಬ ಯುವಕ ಬೈಕಿನ ಕೀ ತಿರುಗಿಸುತ್ತಾ ನಿಂತಿದ್ದ. ಅಂಗಡಿಯವರನ್ನು ಕೇಳಿದ: "ಪ್ಲೈವುಡ್ಡಲ್ಲಿ ಅಕ್ವೇರಿಯಂ ಮಾಡ್ತಿದ್ದೀನಿ. ಮುಂದೆ ಮಾತ್ರ ಗಾಜು. ಒಳಗಡೆ ಎಂತ ಹಚ್ಚಿದ್ರೆ ನೀರು ಸೋರಲ್ಲ? ಬೋಟಿಗೆ ಹಚ್ಚೋ ಪೇಂಟ್ ಇದೆಯಾ?"

"ಮೂಡಿಗೆರೇಲಿ ಯಾರ ಬೋಟ್ ಓಡ್ತದೆ ಮಾರಾಯ?" ಎಂದರು ಅಂಗಡಿಯವರು.

ನಾನು ತಡೆದುಕೊಳ್ಳಬಹುದಿತ್ತು. ತಡೆದುಕೊಳ್ಳಲಿಲ್ಲ. ಕೆಮಿಸ್ಟ್ರಿ ಎಂ.ಎಸ್ಸಿ. ಮಾಡಿದವನು. ಮೇಲಾಗಿ ಇಡೀ ತಾಲ್ಲೂಕಿನಲ್ಲಿ ಪ್ಲೈವುಡ್ ಅಕ್ವೇರಿಯಂ ಮಾಡುವುದರಲ್ಲಿ ಅನುಭವ ಇರುವ ಮನೆತನ ಅಂದರೆ ನಮ್ಮದೇ. ಟಾರ್ಪಾಲ್ ಬೇಡ, ಮೂಲೆಯಲ್ಲಿ ಮಡಿಕೆ ಬೀಳುತ್ತದೆ, ಗಾಜಿಗೆ ಅಂಟುವುದಿಲ್ಲ ಎಂದೆ. ಡಾಂಬರಂತೂ ಬೇಡವೇ ಬೇಡ. ಫೈಬರ್ ಮ್ಯಾಟ್ ಹಾಸಿ ಮೇಲೆ ರೆಸಿನ್ ಹೊಡಿ, ಇಲ್ಲವಾದರೆ ಎಪಾಕ್ಸಿ. ಪ್ಲೈವುಡ್ ಪೂರ್ತಿ ಒಣಗಿರಬೇಕು, ಮಳೆಗಾಲದಲ್ಲಿ ಮಾತ್ರ ಕೈ ಹಾಕಬೇಡ. ಗಾಜಿನ ಅಂಚಿಗೆ ಸಿಲಿಕೋನ್. ಮೀನು ಬಿಡುವ ಮೊದಲು ನೀರು ತುಂಬಿಸಿ ಚೆಲ್ಲು, ಮತ್ತೆ ತುಂಬಿಸಿ ಚೆಲ್ಲು, ವಾಸನೆ ಹೋಗುವವರೆಗೂ. ಕೊನೆಗೆ ಗಂಭೀರವಾಗಿ ಹೇಳಿದೆ: "ನಮ್ಮ ಮನೇಲಿ ಹಾಗೇ ಮಾಡಿದ್ದು. ನೀರು ಚೆನ್ನಾಗಿ ನಿಂತಿತ್ತು."

ಭಾವ ವಾಷರನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ತಲೆ ಎತ್ತದೆ ಕೇಳಿದರು: "ಎಲ್ಲಿ ನಿಂತಿತ್ತು?"

"ಅದೇ ಭಾವ, ಅಕ್ಕನ ಪೆಟ್ಟಿಗೇಲಿ."

"ಒಂದು ದಿನಾನೂ ನಿಲ್ಲಲಿಲ್ಲ ಮಾರಾಯ. ಪಾಪ ಅವನಿಗೆ ಯಾಕೆ ಸುಳ್ಳು ಹೇಳ್ತೀಯ?"

ಯುವಕ ನನ್ನನ್ನು ನೋಡಿದ. ಭಾವನನ್ನು ನೋಡಿದ. ಕೀ ತಿರುಗಿಸುವುದನ್ನು ನಿಲ್ಲಿಸಿ ಅಂಗಡಿಯವರಿಗೆ ಹೇಳಿದ: "ಚಿಕ್ಕಮಗಳೂರಲ್ಲೇ ವಿಚಾರಿಸ್ತೀನಿ ಬಿಡಿ."

ಅವನದೇನೂ ತಪ್ಪಿಲ್ಲ. ನಾನಾದರೂ ಅದನ್ನೇ ಹೇಳುತ್ತಿದ್ದೆ.

ಆದರೆ ನನಗೆ ನೆನಪಿದೆಯಲ್ಲ! ನೀರು ನಿಂತಿತ್ತು. ಮೀನು ಇದ್ದವು. ಅಕ್ಕ ನೋಡಿದ್ದಳು. ಇವೆಲ್ಲ ನಾನು ಕಣ್ಣಾರೆ ಕಂಡದ್ದು. ಅಥವಾ ಕಂಡೆ ಎಂದುಕೊಂಡದ್ದು. ಎರಡರ ನಡುವೆ ವ್ಯತ್ಯಾಸ ಹೇಗೆ ಹಿಡಿಯುವುದು? ಯೂನಿವರ್ಸಿಟಿಯಲ್ಲಿ ಎಲ್ಲವನ್ನೂ ಸಂಶಯದಿಂದ ನೋಡುವುದನ್ನು ಕಲಿಸಿದರು. ಸಂಶಯ ನಮ್ಮ ಮೇಲೆಯೇ ತಿರುಗಿದಾಗ ಏನು ಮಾಡಬೇಕೆಂದು ಕಲಿಸಲಿಲ್ಲ.

ಮೊದಲಿನಿಂದ ಹೇಳುತ್ತೇನೆ. ಅಕ್ಕ ಈಗ ಇಲ್ಲ. ಇದ್ದಿದ್ದರೆ ಒಂದು ಮಾತು ಕೇಳಿ ಮುಗಿಸುತ್ತಿದ್ದೆ.

ತೊಂಬತ್ತರ ದಶಕದ ನಡುವೆ, ಒಂದು ಮಳೆಗಾಲದ ಆರಂಭದಲ್ಲಿ, ಅಕ್ಕ ಕಾಫಿ ಕಣದ ಪಾಚಿಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಳು. ಭಾವನ ತೋಟ ಇರುವುದು ದೇವರಮನೆ ಕಡೆ. ಅಲ್ಲಿಂದ ಪ್ರತಿಸಲ ಆಸ್ಪತ್ರೆಗೆ ಜೀಪಿನಲ್ಲಿ ತಂದರೆ ಕೂಡಿದ ಮೂಳೆ ಮತ್ತೆ ಬಿಡುವಂಥ ದಾರಿ. ಹಾಗಾಗಿ ಮೂಡಿಗೆರೆ ಪೇಟೆಯಲ್ಲೇ ಒಂದು ಕೋಣೆ, ಅಡುಗೆಮನೆ ಬಾಡಿಗೆಗೆ ಹಿಡಿದರು. ಕೆಳಗೆ ಹಮೀದಣ್ಣನ ಪಂಕ್ಚರ್ ಅಂಗಡಿ. ಮೇಲೆ ಇವರು ಇಬ್ಬರೇ. ಭಾವ ಬೆಳಿಗ್ಗೆ ಗಂಜಿ ಮಾಡಿಟ್ಟು ಬಸ್ಸಿನಲ್ಲಿ ತೋಟಕ್ಕೆ ಹೋಗುತ್ತಿದ್ದರು, ಸಂಜೆ ವಾಪಸ್. ಅಕ್ಕ ಮಾತ್ರ ಅಂಗಾತ ಮಲಗಿದಲ್ಲೇ. ಅಲುಗಾಡುವಂತಿಲ್ಲ ಎಂದು ಡಾಕ್ಟರ ಕಟ್ಟಪ್ಪಣೆ.

ಕಿಟಕಿ ಇತ್ತು. ಅದರಿಂದ ಕಾಣುತ್ತಿದ್ದದ್ದು ಪಕ್ಕದ ಕಟ್ಟಡದ ತಗಡಿನ ಮಾಡು, ಅಷ್ಟೇ. ಒಮ್ಮೆ ನಾನು ಹೋದಾಗ ಮಳೆ ಹೊಡೆಯುತ್ತಿತ್ತು. ಅಕ್ಕ ಹೇಳಿದಳು: "ನೀರು ಕೇಳ್ತದೆ ಕಣೋ, ಕಾಣೋದಿಲ್ಲ. ಇಷ್ಟು ಮಳೆ ಬಂದು ಒಂದು ತೊಟ್ಟೂ ನೋಡ್ಲಿಕ್ಕಾಗಿಲ್ಲ ನನಗೆ."

ಅವಳು ಕಳಸದ ಹತ್ತಿರ ಸಂಸೆಯಲ್ಲಿ, ಹೊಳೆಯ ದಡದಲ್ಲಿ ಹುಟ್ಟಿ ಬೆಳೆದವಳು. ನಾನೂ ಅಲ್ಲೇ. ಆದರೆ ಹೊಳೆ ಅವಳದಾಗಿತ್ತು, ನನ್ನದಲ್ಲ. ಪಾತ್ರೆ ತೊಳೆಯಲು ಹೊಳೆಗೆ ಇಳಿದರೆ ಮೀನಿಗೆಂದು ಎರಡು ತುತ್ತು ಅನ್ನ ಜೊತೆಗಿರಲೇಬೇಕು. ಪಾದ ನೀರಲ್ಲಿ ಇಳಿಬಿಟ್ಟು ಕೂತರೆ ಸಣ್ಣ ಸಣ್ಣ ಬೆಳ್ಳಿ ಮೀನುಗಳು, ಬಾಲದ ಬುಡದಲ್ಲಿ ಕಪ್ಪು ಚುಕ್ಕೆ ಇರುವಂಥವು, ಬಂದು ಕಚ್ಚುತ್ತಿದ್ದವು. ಅವುಗಳ ಶಾಸ್ತ್ರೀಯ ಹೆಸರು ನಾನು ಆಮೇಲೆ ಪುಸ್ತಕದಲ್ಲಿ ಹುಡುಕಿದೆ. ಹೇಳಿದರೆ ಅಕ್ಕ ನಕ್ಕುಬಿಟ್ಟಿದ್ದಳು. ಅವಳಿಗೆ ಅವು 'ನಮ್ಮ ಮೀನು'. ಮನೆಯಲ್ಲಿ ಯಾರೂ ಮೀನು ತಿನ್ನುವವರಲ್ಲ. ಆದ್ದರಿಂದ ನಮ್ಮ ಮೀನು ಎಂದರೆ ಬರೀ ನಮ್ಮ ಮೀನು.

"ಅವನ್ನೊಂದು ಸಲ ನೋಡಿದ್ರೆ ಸಾಕಿತ್ತು," ಎಂದಳು. ಅಷ್ಟೇ. ಬೇಕು ಎನ್ನಲಿಲ್ಲ. ಆದರೆ ಭಾವ ಬಾಗಿಲಲ್ಲಿ ಕೊಡೆ ಮಡಚುತ್ತಾ ನಿಂತಿದ್ದವರು ಕೇಳಿಸಿಕೊಂಡರು.

ಮದುವೆಯಾದಾಗಿನಿಂದ ಅಕ್ಕ ಅವರ ಬಳಿ ಸೀರೆ ಕೇಳಿದವಳಲ್ಲ, ಬಳೆ ಕೇಳಿದವಳಲ್ಲ. ಕೇಳದ ಹೆಂಗಸಿನ ಗಂಡನಿಗೆ ಒಂದು ವಿಚಿತ್ರ ಕಷ್ಟವಿದೆ. ಏನು ಕೊಟ್ಟರೂ ಕೊಟ್ಟ ಹಾಗಾಗುವುದಿಲ್ಲ. ಈಗ ಮೊದಲ ಸಲ ಅವಳ ಬಾಯಿಂದ ಒಂದು ಆಸೆ ಬಂದಿತ್ತು.

ಪೇಟೆಯಿಂದ ಗಾಜಿನ ತೊಟ್ಟಿ ತರಬಹುದಿತ್ತಲ್ಲ ಎಂದು ನೀವು ಕೇಳಬಹುದು. ಆಗ ಚಿಕ್ಕಮಗಳೂರಿನಲ್ಲಿ ಸಿಗುತ್ತಿದ್ದದ್ದು ಹೂಜಿಯಂಥ ಗುಂಡು ಗಾಜು, ಒಳಗೊಂದು ಕೆಂಪು ಮೀನು. ಅದನ್ನು ತೋರಿಸಿದಾಗ ಅಕ್ಕ, "ಪೇಟೆ ಮೀನು ಬೇಡ, ಅದು ನಮ್ಮನ್ನ ನೋಡಿ ಬಾಯಿ ಬಾಯಿ ಬಿಡ್ತದೆ," ಎಂದು ಮುಖ ತಿರುಗಿಸಿದಳು. ಹೊಳೆ ಮೀನಿಗೆ ಓಡಲು ಉದ್ದ ಬೇಕು. ಮಲಗಿದವಳಿಗೆ ಕಾಣಬೇಕಾದರೆ ಮಂಚದ ಎತ್ತರಕ್ಕೆ, ತಲೆದಿಂಬಿನ ಪಕ್ಕಕ್ಕೆ ಬರಬೇಕು. ಅಷ್ಟು ದೊಡ್ಡ ಗಾಜಿನ ಪೆಟ್ಟಿಗೆಯನ್ನು ಬಸ್ಸಿನ ಮೇಲೆ ಕಟ್ಟಿ ತಂದರೆ ಮೂಡಿಗೆರೆಗೆ ಗಾಜಿನ ಚೂರು ಬರುತ್ತಿತ್ತು. ಭಾವನ ಬಳಿ ಅಟ್ಟಕ್ಕೆಂದು ತಂದಿಟ್ಟ ಪ್ಲೈವುಡ್ ಇತ್ತು. ಮೂರು ಕಡೆ, ತಳ ಪ್ಲೈವುಡ್. ಮುಂದೆ ಒಂದು ಕಿಟಕಿಯ ಗಾಜು. ಪಂಕ್ಚರ್ ಅಂಗಡಿಯ ಪಕ್ಕದ ಜಗಲಿಯಲ್ಲಿ ಕೆಲಸ ಶುರುವಾಯಿತು.

ಪೆಟ್ಟಿಗೆ ಮಾಡುವುದು ಸುಲಭ. ನೀರನ್ನು ಒಳಗೆ ಇರು ಎಂದು ಒಪ್ಪಿಸುವುದು ಕಷ್ಟ.

ಮೊದಲು ಕಾಫಿ ಒಣಗಿಸುವ ನೀಲಿ ಟಾರ್ಪಾಲ್. ಒಳಗೆ ಹಾಸಿ, ಮೂಲೆ ಮಡಚಿ, ಅಂಚಿಗೆ ಮರದ ರೀಪು ಹೊಡೆದರು. ತಳದಲ್ಲಿ, ಬದಿಯಲ್ಲಿ ಒಂದು ಹನಿಯೂ ಸೋರಲಿಲ್ಲ. ಗಾಜು ಮತ್ತು ಟಾರ್ಪಾಲ್ ಸೇರುವ ಜಾಗದಲ್ಲಿ ಮಾತ್ರ ಧಾರೆ. ಹಮೀದಣ್ಣ ಟೈರ್ ಬಿಚ್ಚುವುದನ್ನು ನಿಲ್ಲಿಸಿ ಬಂದು ನೋಡಿದ. "ನಂದು ಒಳ್ಳೇದು ಭಟ್ರೇ. ನಾನು ನೀರಿಗೆ ಹಾಕಿ ಗಾಳಿ ಎಲ್ಲಿ ಹೋಗ್ತದೆ ಅಂತ ಹುಡುಕ್ತೀನಿ. ನೀವು ಗಾಳೀಲಿ ಇಟ್ಟು ನೀರು ಎಲ್ಲಿ ಹೋಗ್ತದೆ ಅಂತ ಹುಡುಕ್ತಿದೀರಿ." ತನ್ನ ಸೊಲ್ಯೂಷನ್ ಹಚ್ಚಿ ಟ್ಯೂಬಿನ ತುಂಡು ಅಂಟಿಸಿಕೊಟ್ಟ. ಧಾರೆ ಅದರ ಪಕ್ಕದಿಂದ ಬಂತು.

ಆಮೇಲೆ ಡಾಂಬರು. ಅದನ್ನು ಭಾವ ಎಲ್ಲಿಂದ ತಂದರು ಎಂದು ನಾನು ಕೇಳಲಿಲ್ಲ, ನೀವೂ ಕೇಳಬೇಡಿ. ಕಾಯಿಸಿ ಬಳಿದರು. ನೀರು ನಿಂತಿತು, ಆದರೆ ಮೇಲೆ ಕಾಮನಬಿಲ್ಲಿನ ಬಣ್ಣದ ಎಣ್ಣೆ ತೇಲಿತು. ಕೋಣೆಗೆ ತಂದಿಟ್ಟಾಗ ಅಕ್ಕ ಸೆರಗಿನಿಂದ ಮೂಗು ಮುಚ್ಚಿಕೊಂಡಳು. "ನನ್ನನ್ನೂ ಹೀಗೇ ರಸ್ತೆ ಬದಿ ಮಲಗಿಸಿಬಿಡಿ, ಎರಡೂ ಒಂದೇ ವಾಸನೆ." ಪೆಟ್ಟಿಗೆ ಮತ್ತೆ ಕೆಳಗಿಳಿಯಿತು. ಭಾವ ಡಾಂಬರು ಕೆರೆಯುವುದರಲ್ಲೇ ಆಷಾಢ ಕಳೆದರು.

ಮೂರನೆಯದು ಫೈಬರ್. ಜೀಪಿನ ಬಾಡಿ ತುಕ್ಕು ಹಿಡಿದರೆ ಗ್ಯಾರೇಜಿನವರು ಒಂದು ಬಿಳಿ ನಾರಿನ ಚಾಪೆ ಹಾಸಿ ಮೇಲೆ ರೆಸಿನ್ ಬಳಿಯುತ್ತಾರಲ್ಲ, ಅದು. ಈ ಹೊತ್ತಿಗೆ ಪ್ಲೈವುಡ್ಡಿನ ಮೇಲೆ ಬೂಷ್ಟು ಎದ್ದಿತ್ತು. ಇಲ್ಲಿ ನಡೆದದ್ದು ಕಾಫಿ ಸೀಮೆಯವರು ಮಾತ್ರ ಮಾಡಬಹುದಾದ ಕೆಲಸ. ನಮ್ಮ ಕಡೆ ಬೂಷ್ಟು ಕಂಡರೆ ಯಾರೂ ಯೋಚಿಸುವುದಿಲ್ಲ. ಕೈ ತಾನಾಗಿ ಮೈಲುತುತ್ತದ (ತಾಮ್ರದ ಸಲ್ಫೇಟ್) ಕಡೆ ಹೋಗುತ್ತದೆ. ಅಡಿಕೆಗೆ ಕೊಳೆ ಬಂದರೆ ಅದೇ, ಮೆಣಸಿನ ಬಳ್ಳಿ ಸೊರಗಿದರೆ ಅದೇ, ಕಾಫಿ ಎಲೆ ಉದುರಿದರೆ ಅದೇ. ಭಾವ ಮೈಲುತುತ್ತ, ಸುಣ್ಣ ಕಲಸಿ ಗಟ್ಟಿ ಬೋರ್ಡೋ ಪೇಸ್ಟ್ ಮಾಡಿ ಪೆಟ್ಟಿಗೆಯ ಒಳಗೆಲ್ಲ ಬಳಿದರು, ಮೆಣಸಿನ ಬಳ್ಳಿಯ ಬುಡಕ್ಕೆ ಬಳಿಯುವ ಹಾಗೆ. ಆಕಾಶ ನೀಲಿ ಬಣ್ಣ. ನೋಡಲು ಚಂದವೇ ಇತ್ತು. ಅದರ ಮೇಲೆ ಫೈಬರ್, ರೆಸಿನ್.

ನಾನಾಗ ಎಂ.ಎಸ್ಸಿ. ಮುಗಿಸಿ ಕೆಲಸ ಹುಡುಕುತ್ತಿದ್ದೆ, ವಾರಕ್ಕೊಮ್ಮೆ ಬಂದು ಹೋಗುತ್ತಿದ್ದೆ. "ತಾಮ್ರ ಮೀನಿಗೆ ವಿಷ ಭಾವ, ಸುಣ್ಣದ ಮೇಲೆ ರೆಸಿನ್ ಹಿಡಿಯೋದೂ ಇಲ್ಲ" ಎಂದು ನಾನು ಹೇಳಿದ ನೆನಪು. ಹೇಳಲಿಲ್ಲ ಎನ್ನುತ್ತಾರೆ ಭಾವ. (ನೆನಪು ಯಾವಾಗಲೂ ನಮ್ಮ ಪಕ್ಷದ ವಕೀಲ. ನನ್ನದೂ, ಅವರದೂ.) ನಾನು ಹೇಳಿದ್ದರೂ ಹೇಳದಿದ್ದರೂ ಆದದ್ದು ಒಂದೇ. ನೀರು ತುಂಬಿಸಿದ ಮೇಲೆ ಫೈಬರ್ ಹಾಳೆ ಹಾಳೆಯಾಗಿ ಎದ್ದು ಬಂತು. ಪರೀಕ್ಷೆಗೆ ಬಿಟ್ಟ ಗದ್ದೆ ಮೀನುಗಳು ಬೆಳಗಾಗುವುದರೊಳಗೆ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಅಕ್ಕನಿಗೆ ತಿಳಿಸಲಿಲ್ಲ. ಅವಳಿಗೆ ಗೊತ್ತಾಗಿತ್ತು. ಕೆಳಗಿನ ಜಗಲಿಯ ಮೌನವೂ ಅವಳಿಗೆ ಮೇಲೆ ಕೇಳುತ್ತಿತ್ತು.

"ಸಾಕು ಬಿಡಿ ಇವ್ರೇ," ಎಂದಳಂತೆ ಭಾವನಿಗೆ. "ಸೊಂಟ ಸರಿಯಾದ್ಮೇಲೆ ನಾನೇ ಹೊಳೆಗೆ ಹೋಗಿ ನೋಡ್ತೀನಿ."

ಭಾವ ಬಿಡಲಿಲ್ಲ. ಮಳೆ ಹಿಂದೆ ಸರಿದ ಮೇಲೆ ಎಲ್ಲವನ್ನೂ ಬರೀ ಮರ ಕಾಣುವವರೆಗೆ ಕೆರೆದರು. ಕೆಂಡದ ಬಾಂಡ್ಲಿ ಇಟ್ಟು ಒಣಗಿಸಿದರು. ಗ್ಯಾರೇಜಿನಿಂದ ಹೊಸ ರೆಸಿನ್ ತಂದು ಮತ್ತೆ ಬಳಿದರು. ಒಣಗಿದೆಯೇ ಎಂದು ನೋಡಲು ಅಂಚಿನ ಒಂದು ತುಣುಕು ಮುರಿದು ಹಲ್ಲಲ್ಲಿ ಕಚ್ಚಿದರು, ಕಾಫಿ ಬೀಜ ಕಚ್ಚಿ ನೋಡುವ ಹಾಗೆಯೇ. ಸಂಜೆಯವರೆಗೆ ನಾಲಿಗೆ ಜೋಮು ಹಿಡಿದಿತ್ತು.

ಇಲ್ಲಿಯವರೆಗೆ ನಮ್ಮಿಬ್ಬರ ನೆನಪೂ ಒಂದೇ. ಇನ್ನು ಮುಂದೆ ದಾರಿ ಎರಡು.

ನನ್ನ ನೆನಪು ಹೀಗೆ. ಸಂಸೆಯ ಹೊಳೆಯಲ್ಲಿ ಪಂಚೆಯನ್ನೇ ಬಲೆ ಮಾಡಿ ಮೀನು ಹಿಡಿದೆ. ಕ್ಯಾನಿನಲ್ಲಿ ಹಾಕಿಕೊಂಡು ಕಳಸದಲ್ಲಿ ಬಸ್ಸು ಹತ್ತಿದೆ. ಕಂಡಕ್ಟರ್ ಕ್ಯಾನಿಗೆ ಮೂಗು ತಂದ.

"ಎಂತದು ಇದ್ರಲ್ಲಿ?"

"ಮೀನು."

"ಬದುಕಿದ್ದೋ ಸತ್ತದ್ದೋ?"

"ಬದುಕಿದ್ದು."

"ಹಾಗಾದ್ರೆ ಮಡಿಲಲ್ಲಿ ಇಟ್ಕೊಳ್ಳಿ. ತಿರುವಿನಲ್ಲಿ ಅದಕ್ಕೂ ವಾಂತಿ ಬಂದೀತು."

ಮೂಡಿಗೆರೆಯಲ್ಲಿ ಇಳಿದಾಗ ಹಮೀದಣ್ಣ ರಸ್ತೆಗೆಲ್ಲ ಕೇಳುವ ಹಾಗೆ ಕೂಗಿದ: "ಭಟ್ರ ಮನೆಗೆ ಮೀನು ಬಂತು!" ಮೇಲೆ ಪೆಟ್ಟಿಗೆ ಮಂಚದ ಪಕ್ಕದಲ್ಲಿತ್ತು. ನೀರು ತುಂಬಿತ್ತು. ಕ್ಯಾನು ಬಗ್ಗಿಸಿದೆ. ಸ್ವಲ್ಪ ಹೊತ್ತು ಎಲ್ಲ ಒಂದು ಮೂಲೆಯಲ್ಲಿ ಮುದ್ದೆಯಾಗಿ ನಿಂತವು. ಆಮೇಲೆ ಒಂದು ಗಾಜಿನ ಬಳಿ ಬಂತು, ಅದರ ಹಿಂದೆ ಉಳಿದವು. ಅಕ್ಕ ದಿಂಬಿನ ಮೇಲೆಯೇ ತಲೆ ಹೊರಳಿಸಿದಳು. "ಬಂದ್ವು," ಎಂದಳು. ಮಧ್ಯಾಹ್ನದ ಬಿಸಿಲು ಕಿಟಕಿಯಿಂದ ನೀರಿನ ಮೇಲೆ ಬಿದ್ದು ಚಾವಣಿಯಲ್ಲಿ ಬೆಳಕು ಅಲುಗಾಡುತ್ತಿತ್ತು. ಅವಳು ಗಾಜಿಗೆ ಬೆರಳು ಇಟ್ಟಳು. ಅವು ಗಾಜಿನ ಆಚೆಯಿಂದ ಆ ಬೆರಳನ್ನು ಕಚ್ಚಲು ನೋಡಿದವು.

ನಾನು ಕಂಡದ್ದು ಆ ಒಂದು ಮಧ್ಯಾಹ್ನ. ಮರುವಾರವೇ ನನಗೆ ದೂರದ ಕಾಲೇಜಿನಲ್ಲಿ ಕೆಲಸ ಸಿಕ್ಕಿತು, ಹೊರಟೆ. ಅಕ್ಕ ಎದ್ದಳು, ಕೋಲು ಹಿಡಿದು ನಡೆದಳು, ಭಾವನ ಜೊತೆ ತೋಟದ ಮನೆಗೆ ಮರಳಿದಳು. ಸಂಸೆಯ ಹೊಳೆಗೆ ಇಳಿಯುವಷ್ಟು ಶಕ್ತಿ ಕಾಲಿಗೆ ಯಾವತ್ತೂ ಬರಲಿಲ್ಲ. ಕೆಲವು ವರ್ಷಗಳಲ್ಲಿ ಬೇರೆಯದೇ ಕಾಯಿಲೆ ಬಂದು ಹೋಗಿಬಿಟ್ಟಳು.

ಭಾವನ ನೆನಪು? ನನ್ನದನ್ನು ಕೇಳಿಸಿಕೊಂಡ ಮೇಲೆ ಅದನ್ನು ಅವರು ಹೇಳಿದ್ದು, ಹಾರ್ಡ್‌ವೇರ್ ಅಂಗಡಿಯಿಂದ ಹೊರಬಂದು ಹೋಟೆಲಿನಲ್ಲಿ ಕಾಫಿ ಕುಡಿಯುವಾಗ.

"ಮೀನು ತಂದದ್ದು ಹೌದು. ಆದ್ರೆ ನೀರು ನಿಲ್ಲಲಿಲ್ಲ ಮಾರಾಯ. ದಿನಾ ಬೆಳಿಗ್ಗೆ ನೆಲ ಒರೆಸಿದ್ದು ನಾನು. ಎದ್ದ ಕೂಡ್ಲೇ ಕಾಲಿಗೆ ನೀರು ತಾಗ್ತಿತ್ತು. ಕೆಳಗೆ ಹಮೀದನ ತಲೆ ಮೇಲೆ ಹನಿ ಬಿದ್ದು ಅವನು ಮೇಲೆ ಬಂದು ಬೈದದ್ದೂ ಇದೆ. ಚಾವಣಿ ಮೇಲೆ ಬೆಳಕು ಅಂತೆ! ನೀನು ಎಲ್ಲೋ ಸಿನಿಮಾದಲ್ಲಿ ನೋಡಿದ್ದು."

"ಒಂದು ದಿನವಾದ್ರೂ..."

"ಅವಳು ನನ್ನ ಹತ್ರ ಕೇಳಿದ್ದು ಅದೊಂದೇ," ಎಂದರು ಭಾವ. ಕಾಫಿಯ ಲೋಟವನ್ನು ಸ್ವಲ್ಪ ಆಚೆ ಸರಿಸಿದರು. "ಅದೂ ನನ್ನ ಕೈಲಿ ಆಗ್ಲಿಲ್ಲ. ನೀನೀಗ ನನಗೆ ಸಮಾಧಾನಕ್ಕೆ ಕಥೆ ಕಟ್ಟಬೇಡ."

ಅವರು ಹೇಳಿದ್ದು ಸಾಧ್ಯವಿತ್ತು. ಅಕ್ಕನ ನೆನಪು ನನ್ನನ್ನು ಎಷ್ಟು ಕಾಡುತ್ತದೆಂದರೆ, ಒಂದು ಮಧ್ಯಾಹ್ನವನ್ನು ಪೂರ್ತಿಯಾಗಿ, ಬಿಸಿಲು ಸಮೇತ, ಕಟ್ಟಿಕೊಳ್ಳಬಲ್ಲೆ. ಆ "ಬಂದ್ವು" ಎಂಬ ಸ್ವರ ಈಗಲೂ ಕೇಳುತ್ತದೆ. ಕೇಳುತ್ತದೆ ಎನ್ನುವುದು ಸಾಕ್ಷಿಯಾಗುತ್ತದೆಯೇ? ನನ್ನ ಯಾವ ವಿದ್ಯಾರ್ಥಿಯಾದರೂ ಇಂಥ ಸಾಕ್ಷಿ ತಂದರೆ ನಾನು ಪಾಸು ಮಾಡುತ್ತಿರಲಿಲ್ಲ.

ಸೈಬರ್ ಸೆಂಟರಿನಲ್ಲಿ ಕೂತು ಹುಡುಕಿದೆ. ಪ್ಲೈವುಡ್ ಅಕ್ವೇರಿಯಂ ಬಗ್ಗೆ ಜಗತ್ತಿನಲ್ಲಿ ಎಷ್ಟೊಂದು ಜನ ಜಗಳವಾಡುತ್ತಿದ್ದಾರೆ! ಎಪಾಕ್ಸಿಯೇ ಶ್ರೇಷ್ಠ ಎಂದೊಬ್ಬ. ಕೊಳಕ್ಕೆ ಹಾಸುವ ರಬ್ಬರ್ ಹಾಳೆಯೇ ಸರಿ ಎಂದಿನ್ನೊಬ್ಬ. ಫೈಬರ್ ಹಾಕಿದರೆ ಮೂಲೆಗಳನ್ನು ಮೊದಲು ದುಂಡಗೆ ಮಾಡಿಕೊಳ್ಳಬೇಕು, ಇಲ್ಲವಾದರೆ ಅಲ್ಲೇ ಕೂದಲೆಳೆಯಂಥ ಬಿರುಕು ಬಂದು ನಿಧಾನವಾಗಿ ಜಿನುಗುತ್ತದೆ ಎಂದು ಮತ್ತೊಬ್ಬ. ಭಾವ ಮೂಲೆಗಳನ್ನು ದುಂಡಗೆ ಮಾಡಿರಲಿಲ್ಲ. ಅಂದರೆ ಸೋರಿದ್ದು ನಿಜ. ಭಾವ ಗೆದ್ದರು.

ಗೆಲ್ಲಬಾರದಿತ್ತು ಎನಿಸಿತು.

(ಇಲ್ಲಿ ಪೆಟ್ಟಿಗೆಗೂ ಮನಸ್ಸಿಗೂ, ನೀರಿಗೂ ನೆನಪಿಗೂ ಒಂದು ಹೋಲಿಕೆ ಕೊಟ್ಟು ಅಂಕಣ ಮುಗಿಸಬಹುದು. ಸಂಪಾದಕರಿಗೆ ಇಷ್ಟವಾಗುತ್ತಿತ್ತು. ನನಗೆ ಬೇಕಿದ್ದದ್ದು ಹೋಲಿಕೆಯಲ್ಲ.)

ಮುಂದಿನ ಭಾನುವಾರ ದೇವರಮನೆ ಬಸ್ಸು ಹಿಡಿದು ಭಾವನ ತೋಟಕ್ಕೆ ಹೋದೆ. ಪೆಟ್ಟಿಗೆ ಇನ್ನೂ ಇತ್ತು. ಕಾಫಿ ಗೋಡೌನಿನ ಮೂಲೆಯಲ್ಲಿ, ಹಳೆ ಗೋಣಿಚೀಲ ತುಂಬಿಕೊಂಡು. ಗಾಜನ್ನು ಎಂದೋ ತೆಗೆದು ದನದ ಕೊಟ್ಟಿಗೆಯ ಕಿಟಕಿಗೆ ಹಾಕಿದ್ದಾರೆ.

"ಅದನ್ನ ಯಾಕೆ ಕೆದಕ್ತೀಯ? ಇಲಿ ಇದ್ದಾವೆ," ಎಂದರು ಭಾವ ಬಾಗಿಲಿಂದಲೇ. ಒಳಗೆ ಬರಲಿಲ್ಲ.

ಚೀಲಗಳನ್ನು ಒಂದೊಂದೇ ಹೊರಗೆಳೆದೆ. ಟಾರ್ಚ್ ಹಾಕಿದೆ. ಹಸಿರು ಬಣ್ಣದ ರೆಸಿನ್, ಧೂಳು, ಜೇಡರ ಬಲೆ. ಒರೆಸಿದೆ. ಮೇಲಿನ ಅಂಚಿಗಿಂತ ನಾಲ್ಕು ಬೆರಳು ಕೆಳಗೆ ಒಂದು ಕಂದು ಗೆರೆ. ಮೂಡಿಗೆರೆ ಪೇಟೆಯಲ್ಲಿ ಆ ಬಾಡಿಗೆ ಕೋಣೆಗೆ ನೀರು ತರುತ್ತಿದ್ದ ಬಾವಿಯಲ್ಲಿ ಕಬ್ಬಿಣ ಜಾಸ್ತಿ. ಅಲ್ಲಿ ಬಿಳಿ ಬಟ್ಟೆಯೂ ಕಂದಾಗುತ್ತಿತ್ತು. ಹೆಬ್ಬೆರಳು ಒದ್ದೆ ಮಾಡಿ ತಿಕ್ಕಿದೆ. ಗೆರೆ ಹೋಗಲಿಲ್ಲ. ಎಡಬದಿ, ಹಿಂಬದಿ, ಬಲಬದಿ, ಮೂರೂ ಕಡೆ ಒಂದೇ ಮಟ್ಟದಲ್ಲಿತ್ತು.

"ಭಾವ, ಇಲ್ಲಿಗೆ ತಂದ ಮೇಲೆ ಇದ್ರಲ್ಲಿ ಯಾವಾಗಾದ್ರೂ ನೀರು ಹಾಕಿದ್ರಾ?"

"ಗಾಜೇ ಇಲ್ಲದ್ರಲ್ಲಿ ನೀರು ಎಲ್ಲಿ ಹಾಕ್ಲಿ? ಎಂ.ಎಸ್ಸಿ. ಓದಿದವ ಕೇಳೋ ಪ್ರಶ್ನೆಯಾ ಇದು?"

"ಹಾಗಾದ್ರೆ ಈ ಗೆರೆ?"

ಆಗ ಒಳಗೆ ಬಂದರು. ಬಗ್ಗಿದರು. ಕನ್ನಡಕ ಹಣೆಗೇರಿಸಿ ನೋಡಿದರು. ಗೆರೆಯ ಮೇಲೆ ಬೆರಳಿಟ್ಟು ಒಂದು ಮೂಲೆಯಿಂದ ಇನ್ನೊಂದು ಮೂಲೆಯವರೆಗೆ ಎಳೆದರು. ಹೊರಗೆ ಹೋಗಿ ಕಣದ ಅಂಚಿನಲ್ಲಿ ಕೂತರು. ನಾನು ಚೀಲಗಳನ್ನು ಒಳಗೆ ಹಾಕಲು ಹೋದರೆ, "ಇರ್ಲಿ ಬಿಡು, ಖಾಲಿ ಇರ್ಲಿ," ಎಂದರು.

ನಾನು ಹಾಳು ಸಂಶಯದವನು, ಅಷ್ಟಕ್ಕೇ ಬಿಡಲಿಲ್ಲ. ಮೂಡಿಗೆರೆಯ ಅದೇ ಬಾವಿಯಿಂದ ನೀರು ತಂದು ನನ್ನ ಮನೆಯ ಬಚ್ಚಲಿನಲ್ಲಿ ಎರಡು ಪ್ಲಾಸ್ಟಿಕ್ ಡಬ್ಬ ಇಟ್ಟೆ. ಎರಡಕ್ಕೂ ತಳದಲ್ಲಿ ಸೂಜಿಯ ತೂತು. ಒಂದನ್ನು ಅದರ ಪಾಡಿಗೆ ಸೋರಲು ಬಿಟ್ಟು, ಖಾಲಿಯಾದಾಗ ಮಾತ್ರ ತುಂಬಿಸಿದೆ. ಇನ್ನೊಂದಕ್ಕೆ ಬೆಳಿಗ್ಗೆ ಸಂಜೆ ಕೂತು ಸೋರಿದಷ್ಟನ್ನೂ ಮತ್ತೆ ಹೊಯ್ದೆ. (ಮನೆಯವರು ಏನೆಂದರು ಎಂದು ಇಲ್ಲಿ ಬರೆಯುವಂತಿಲ್ಲ.) ಕೆಲವು ವಾರ ಬಿಟ್ಟು ಎರಡನ್ನೂ ಒಣಗಿಸಿ ನೋಡಿದೆ. ಮೊದಲನೆಯದರ ಬದಿಯೆಲ್ಲ ಮೇಲಿನಿಂದ ಕೆಳಗಿನವರೆಗೆ ಮಬ್ಬು ಕಂದು ಕಲೆ. ಎರಡನೆಯದರಲ್ಲಿ ಒಂದೇ ಗೆರೆ, ಮೇಲುಗಡೆ, ನೇರವಾಗಿ.

ಮೀನು ಎಷ್ಟು ದಿನ ಬದುಕಿದವೋ ಗೊತ್ತಿಲ್ಲ. ಚಾವಣಿಯ ಮೇಲಿನ ಬೆಳಕು ಸುಳ್ಳಿರಬಹುದು. "ಬಂದ್ವು" ಎಂದದ್ದೂ ನನ್ನ ಕಲ್ಪನೆ ಇರಬಹುದು. ಅವೆಲ್ಲವನ್ನೂ ಬಿಟ್ಟುಕೊಡುತ್ತೇನೆ. ಆದರೆ ಆ ಕೋಣೆಯಲ್ಲಿ ಇದ್ದವರು ಇಬ್ಬರೇ, ಒಬ್ಬಳು ಏಳುವಂತಿರಲಿಲ್ಲ. ಭಾವನಿಗೆ ನೆಲ ಒರೆಸಿದ್ದು ಮಾತ್ರ ನೆನಪಿದೆ.

ಸೋರುವ ಪೆಟ್ಟಿಗೆಯಲ್ಲಿ ಒಂದೇ ಗೆರೆ ಉಳಿಯುವುದು ಸೋರಿದಷ್ಟನ್ನೂ ಯಾರೋ ದಿನವೂ ತುಂಬಿಸಿದರೆ ಮಾತ್ರ. ಇದನ್ನು ಪರೀಕ್ಷಿಸಿ ನೋಡಿದ್ದೇನೆ.